ಸಹಾಯ ಬೇಕು: ಎಜಿಎಸ್3 ಬ್ರೇಕೋ, ಆಕ್ಸಿಲರೇಟರೋ?

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಎಂಎಸ್ಸಿ ಬಯೋಕೆಮಿಸ್ಟ್ರಿ ಓದುತ್ತಿದ್ದೇನೆ. ಶುಕ್ರವಾರ ಸೆಮಿನಾರ್ ಇದೆ, ಜಿ ಪ್ರೋಟೀನ್ (ಜೀವಕೋಶದ ಹೊರಗಿನ ಸಂದೇಶ ಹಿಡಿಯುವ ರಿಸೆಪ್ಟರ್‌ನಿಂದ ಸಿಗ್ನಲ್ ಅನ್ನು ಒಳಗೆ ದಾಟಿಸುವ ಸ್ವಿಚ್) ಹತ್ತಿರ ಗಾಡಿ ನಿಂತುಬಿಟ್ಟಿದೆ.

ಇದರಲ್ಲಿ ಆಲ್ಫಾ, ಬೀಟಾ, ಗಾಮಾ ಅಂತ ಮೂರು ಭಾಗ. ಆಲ್ಫಾ ಭಾಗ ಜಿಟಿಪಿ ಎಂಬ ಸಣ್ಣ ಅಣುವನ್ನು ಹಿಡಿದಿದ್ದರೆ ಆನ್, ಆಗ ಬೀಟಾ-ಗಾಮಾ ಜೋಡಿ ಅದರಿಂದ ಬೇರೆಯಾಗುತ್ತದೆ; ಅದನ್ನು ಒಡೆದು ಜಿಡಿಪಿ ಮಾಡಿಕೊಂಡರೆ ಆಫ್. ತಾನಾಗಿ ಒಡೆಯುವುದು ನಿಧಾನ, ಆರ್‌ಜಿಎಸ್ ಪ್ರೋಟೀನ್ ಬಂದರೆ ಬೇಗ. ಇಲ್ಲಿಯವರೆಗೆ ಸರಿ. (ಜಿಡಿಪಿ ಅಂದ ಕೂಡಲೇ ನನ್ನ ಕಾಮರ್ಸ್ ರೂಮ್‌ಮೇಟ್ ಬಜೆಟ್ ಶುರು ಮಾಡುತ್ತಾಳೆ, ಅದು ಬೇರೆ ಕಥೆ.)

ತೊಡಕು ಇರುವುದು ಎಜಿಎಸ್3 ಎಂಬ ಇನ್ನೊಂದು ಪ್ರೋಟೀನ್‌ನಲ್ಲಿ. ಇದು ಜಿಡಿಪಿ ಹಿಡಿದಿರುವ ಜಿಐ (ಒಂದು ಬಗೆಯ ಜಿ ಪ್ರೋಟೀನ್) ಆಲ್ಫಾಗೇ ಅಂಟಿಕೊಂಡು, ಜಿಡಿಪಿ ಬಿಟ್ಟುಹೋಗದಂತೆ ತಡೆಯುತ್ತದೆ. ಅಂದರೆ ಆಲ್ಫಾ ಆಫ್ ಆಗಿಯೇ ಇರುತ್ತದೆ, ಅಲ್ವಾ? ಆದರೆ ಬೀಟಾ-ಗಾಮಾ ಜೋಡಿ ವಾಪಸ್ ಬಂದು ಕೂಡಲು ಜಾಗವೇ ಇಲ್ಲ. ಅದೇನು ಸುಮ್ನೆ ಕೂರುವುದಿಲ್ಲ, ಪೊಟ್ಯಾಸಿಯಂ ಚಾನೆಲ್ ತೆರೆಯಬಲ್ಲದು. ಹಾಗಾದರೆ ಸಿಗ್ನಲ್ ನಿಂತಿತೋ, ಜಾಸ್ತಿ ಆಯಿತೋ? ಮೇಲಿಂದ ರಿಕ್-8ಎ ಎಂಬ ಮತ್ತೊಂದು ಪ್ರೋಟೀನ್ ಬೇರೆ, ರಿಸೆಪ್ಟರ್ ಇಲ್ಲದೆಯೇ ಆಲ್ಫಾದಿಂದ ಜಿಡಿಪಿ ಬಿಡಿಸುತ್ತದೆ.

ಹುಬ್ಬಳ್ಳಿ-ಧಾರವಾಡದಲ್ಲಿ ಇದನ್ನು ಪಾಠ ಮಾಡುವವರು ಇದ್ದರೆ ಅರ್ಧ ತಾಸು ಕೊಡಿ. ಸಪ್ತಾಪುರದಲ್ಲಿದ್ದೇನೆ, ಹೇಳಿದಲ್ಲಿಗೆ ಬರುತ್ತೇನೆ. ಒಂದು ಚಿತ್ರ ಬರೆದು ತೋರಿಸಿದರೂ ಸಾಕು. ದಯವಿಟ್ಟು ಲಿಂಕ್ ಮಾತ್ರ ಬೇಡ, ಓದಿ ಓದಿ ತಲೆ ಗಿಂ ಅನ್ನುತ್ತಿದೆ.