ಬಣ್ಣದಡಿ ಎಳೆಗಳು, ರಿವೆಟ್ ಹಿಂದೆ ಕಪ್ಪು ಗೆರೆ: ಇದೆಲ್ಲ ಒಂದೇ ತುಕ್ಕೇ?

ರೆಕ್ಕೆಪುಕ್ಕ:
ನಮಸ್ಕಾರ. ವಿಮಾನ ನಿರ್ವಹಣೆಯ ತರಬೇತಿಯಲ್ಲಿದ್ದೇನೆ. ಕಡಲಿಗೆ ಹತ್ತಿರ, ಬಯಲಿನಲ್ಲೇ ನಿಲ್ಲುವ ಹಳೆಯ ಸೆಸ್ನಾ 172 ಒಂದು ನಮ್ಮಲ್ಲಿದೆ. ಮಳೆಗಾಲ ಮುಗಿದ ಮೇಲೆ ತೊಳೆದು ನೋಡಿದಾಗ ಮೂರು ಬಗೆಯ ಗುರುತು ಕಂಡವು. ರೆಕ್ಕೆಯ ಮೇಲ್ಭಾಗದಲ್ಲಿ, ಬಣ್ಣದ ಅಡಿಯಲ್ಲಿ ಎರೆಹುಳು ಹರಿದಂತೆ ಉಬ್ಬಿದ ಸಣ್ಣ ಎಳೆಗಳು. ತಪಾಸಣೆ ಮುಚ್ಚಳದ ಸ್ಟೇನ್‌ಲೆಸ್ ಸ್ಕ್ರೂಗಳ ಸುತ್ತ ಬಿಳಿ ಪುಡಿ. ರೆಕ್ಕೆಗೆ ಆಸರೆಯ ಸ್ಟ್ರಟ್ ಸೇರುವ ಜಾಗದ ಬಳಿ ಕೆಲವು ರಿವೆಟ್‌ಗಳ ಹಿಂದೆ ಕಪ್ಪು ಗೆರೆ. ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಎಲ್ಲವನ್ನೂ ಉಜ್ಜಿ ಬಣ್ಣ ಹಚ್ಚಿದರೆ ಸಾಕೇ?

ಮಿನುಗು:
ತಂತಿ ಬ್ರಷ್‌ನಿಂದ ಚೆನ್ನಾಗಿ ಉಜ್ಜಿ ಪ್ರೈಮರ್ ಬಳಿಯಿರಿ. ಜೀಪಿನ ಚಾಸಿಗೆ ನಾವು ಮಾಡುವುದು ಅಷ್ಟೇ.

ಹಳೇ ಹ್ಯಾಂಗರ್:
ಜೀಪಿಗೆ ಸರಿ, ಇಲ್ಲಿ ಆ ಬ್ರಷ್ ಮುಟ್ಟಬೇಡಿ. ಉಕ್ಕಿನ ಚೂರುಗಳು ಅಲ್ಯೂಮಿನಿಯಂನಲ್ಲಿ ಹೂತುಕೊಂಡು ಹೊಸ ತುಕ್ಕಿಗೆ ತಾವೇ ಬೀಜವಾಗುತ್ತವೆ. ಹೊದಿಕೆಯ ತಗಡಿನ ಮೇಲೆ ಶುದ್ಧ ಅಲ್ಯೂಮಿನಿಯಂನ ತೆಳುಪದರ ಇದ್ದರೆ ಅದೂ ಹೋಗುತ್ತದೆ. ಅದು ಇರುವುದೇ ಒಳಗಿನ ಮಿಶ್ರಲೋಹವನ್ನು ಕಾಯಲು.

ಎಳೆಗಳು ಫಿಲಿಫಾರ್ಮ್ ಕರೋಷನ್, ಅಂದರೆ ಬಣ್ಣದಡಿ ದಾರದಂತೆ ಹರಿಯುವ ತುಕ್ಕು. ಬಣ್ಣಕ್ಕೆ ಮೊದಲು ಬಳಸಿದ ಆಮ್ಲವನ್ನು ಸರಿಯಾಗಿ ತೊಳೆಯದಿದ್ದರೆ, ಪ್ರೈಮರ್ ಪೂರ್ತಿ ಗಟ್ಟಿಯಾಗದಿದ್ದರೆ ಬರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 78ರಿಂದ 90ರ ನಡುವೆ ಇದ್ದರೆ ಅದಕ್ಕೆ ಹಬ್ಬ. ಬಹುತೇಕ ಮೇಲ್ಮೈಯಲ್ಲೇ ಉಳಿಯುತ್ತದೆ, ಆದರೆ ರಿವೆಟ್ ರಂಧ್ರದ ಅಂಚಿಗೆ ತಲುಪಿದರೆ ಲೋಹದ ಕಣಗಳ ಗಡಿಗುಂಟ ಒಳಗಿಳಿಯಬಹುದು. ಎಳೆ ಮುಗಿಯುವಲ್ಲಿಗೆ ನಿಲ್ಲಿಸದೆ, ಸುತ್ತಲೂ ಒಳ್ಳೆಯ ಲೋಹ ಕಾಣುವವರೆಗೆ ಬಣ್ಣ ತೆಗೆಯಿರಿ.

ಸ್ಕ್ರೂ ಸುತ್ತಲಿನದು ಗ್ಯಾಲ್ವಾನಿಕ್. ಎರಡು ಲೋಹ, ನಡುವೆ ಉಪ್ಪುನೀರು; ಸವೆಯುವುದು ಅಲ್ಯೂಮಿನಿಯಂ. ಸ್ಕ್ರೂ ಚಿಕ್ಕದು, ಮುಚ್ಚಳ ದೊಡ್ಡದು ಆದ್ದರಿಂದ ನಿಧಾನ. ಇದೇ ತಿರುಗುಮುರುಗಾಗಿ, ಅಗಲವಾದ ಉಕ್ಕಿನ ತಗಡಿಗೆ ಅಲ್ಯೂಮಿನಿಯಂ ರಿವೆಟ್ ಹೊಡೆದಿದ್ದರೆ ರಿವೆಟ್ ಬೇಗನೆ ಕರಗಿ ಹೋಗುತ್ತಿತ್ತು. ಸ್ಕ್ರೂ ತೆಗೆದು ರಂಧ್ರದ ಒಳಗೋಡೆ ನೋಡಿ, ಮರಳಿ ಹಾಕುವಾಗ ಕೈಪಿಡಿ ಹೇಳುವ ಸೀಲಂಟ್ ಬಳಸಿ.

ನನಗೆ ಚಿಂತೆಯಾಗಿರುವುದು ಮೂರನೆಯದು. ಗಾಳಿ ಬೀಸುವ ದಿಕ್ಕಿನಲ್ಲೇ ಹಿಂದಕ್ಕೆ ಎಳೆದ ಆ ಕಪ್ಪು, ಕೊಳೆಯಲ್ಲ. ರಿವೆಟ್ ತನ್ನ ರಂಧ್ರದಲ್ಲಿ ಅಲುಗಾಡಿ, ಲೋಹಕ್ಕೆ ಲೋಹ ಉಜ್ಜಿ ಉದುರಿದ ಆಕ್ಸೈಡ್ ಪುಡಿ. ಇದು ಫ್ರೆಟಿಂಗ್. ನಮ್ಮ ಹ್ಯಾಂಗರ್‌ನಲ್ಲಿ ಇದಕ್ಕೆ ರಿವೆಟ್ ಹೊಗೆಯಾಡುತ್ತಿದೆ ಎನ್ನುತ್ತೇವೆ. ಅದನ್ನು ಒರೆಸುವ ಮೊದಲು ಫೋಟೊ ತೆಗೆಯಿರಿ, ಸುತ್ತ ಗುರುತು ಹಾಕಿ. ಸ್ಟ್ರಟ್‌ನ ಹೊರೆ ಬೀಳುವ ಜಾಗವದು. ಪರವಾನಗಿ ಇರುವ ಎಂಜಿನಿಯರ್ ನೋಡುವವರೆಗೆ ವಿಮಾನ ಹಾರಬಾರದು.

ರೆಕ್ಕೆಪುಕ್ಕ:
ಒರೆಸಿಬಿಟ್ಟಿದ್ದೆ, ಆದರೆ ಫೋಟೊ ಇದೆ. ಹೆಬ್ಬೆರಳಿನಿಂದ ಅಂಚು ಒತ್ತಿದಾಗ ಎರಡು ರಿವೆಟ್ ತಿರುಗುತ್ತವೆ. ಒಳಗಿನಿಂದ ಟಾರ್ಚ್ ಬಿಟ್ಟರೆ ಅದೇ ಸಾಲಿನ ಪಕ್ಕದಲ್ಲಿ ಲೋಹ ಸ್ವಲ್ಪ ಉಬ್ಬಿದಂತಿದೆ.

ಹಳೇ ಹ್ಯಾಂಗರ್:
ಉಬ್ಬು ಇದ್ದರೆ ಕೆಲಸ ದೊಡ್ಡದಾಯಿತು. ಎಕ್ಸ್‌ಟ್ರೂಷನ್‌ನಿಂದ, ಅಂದರೆ ಲೋಹವನ್ನು ಅಚ್ಚಿನ ಮೂಲಕ ಒತ್ತಿ ಹೊರತಳ್ಳಿ, ಮಾಡಿದ ಭಾಗವಾಗಿದ್ದರೆ ಎಕ್ಸ್‌ಫೋಲಿಯೇಷನ್ ಇರಬಹುದು: ತುಕ್ಕಿನ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಪದರಗಳನ್ನು ಒಳಗಿನಿಂದಲೇ ಎತ್ತುತ್ತದೆ. ಹೊರಗೆ ಕಾಣುವಷ್ಟಾಗುವಾಗ ಬಲ ಆಗಲೇ ಕುಗ್ಗಿರುತ್ತದೆ.

ಮಿನುಗು:
ಒಂದೆರಡು ರಿವೆಟ್‌ಗೆ ಇಷ್ಟೊಂದು ಗಾಬರಿಯೇ?

ಹಳೇ ಹ್ಯಾಂಗರ್:
1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಮೇಲ್ಚಾವಣಿಯ ದೊಡ್ಡ ಭಾಗ ಹಾರುತ್ತಿರುವಾಗಲೇ ಕಿತ್ತುಹೋಯಿತು. ತಗಡುಗಳು ಒಂದರ ಮೇಲೊಂದು ಕೂಡುವಲ್ಲಿ ಅಂಟು ಬಿಟ್ಟಿತ್ತು, ತೇವ ಹೊಕ್ಕು ತುಕ್ಕಾಗಿತ್ತು, ಮತ್ತೆ ಮತ್ತೆ ಹೊರೆ ಬಿದ್ದು ಲೋಹ ದಣಿದು, ರಿವೆಟ್ ರಂಧ್ರಗಳಿಂದ ಬಿರುಕುಗಳು ಹೊರಟಿದ್ದವು. ಒಬ್ಬ ಗಗನಸಖಿ ಪ್ರಾಣ ಕಳೆದುಕೊಂಡರು. ನಿಮ್ಮ ಸೆಸ್ನಾದಲ್ಲಿ ಕ್ಯಾಬಿನ್‌ಗೆ ಗಾಳಿ ತುಂಬಿ ಒತ್ತಡ ಇಡುವುದಿಲ್ಲ, ಹಾಗಾಗಿ ಅದೇ ರೀತಿ ಆಗದು. ಆದರೆ ರಂಧ್ರದಿಂದ ಬಿರುಕು ಹೊರಡುವುದು ಎರಡಕ್ಕೂ ಒಂದೇ.

ರೆಕ್ಕೆಪುಕ್ಕ ಅವರೇ, ಎಂಜಿನಿಯರ್ ಬಂದಾಗ ಅಲುಗುವ ರಿವೆಟ್ ತೆಗೆಸಿ, ರಂಧ್ರ ಅಂಡಾಕಾರವಾಗಿದೆಯೇ ನೋಡಿಸಿ, ಸುತ್ತ ಎಡ್ಡಿ ಕರೆಂಟ್ ಪರೀಕ್ಷೆ (ಕಣ್ಣಿಗೆ ಕಾಣದ ಬಿರುಕನ್ನು ವಿದ್ಯುತ್ತಿನಿಂದ ಹುಡುಕುವುದು) ಮಾಡಿಸಿ. ಉಳಿದೆಡೆ ತುಕ್ಕನ್ನು ನೈಲಾನ್ ಪ್ಯಾಡ್‌ನಿಂದ ತೆಗೆದ ಮೇಲೆ ಡೆಪ್ತ್ ಗೇಜ್‌ನಲ್ಲಿ ಗುಂಡಿಯ ಆಳ ಅಳೆದು, ಉಳಿದ ದಪ್ಪವನ್ನು ದುರಸ್ತಿ ಕೈಪಿಡಿಯ ಮಿತಿಯೊಂದಿಗೆ ಹೋಲಿಸಿ. ಮಿತಿ ಮೀರಿದ್ದರೆ ಪ್ರೈಮರ್ ಡಬ್ಬಿ ತೆರೆಯಬೇಡಿ, ಆ ಭಾಗವನ್ನೇ ಬದಲಿಸಬೇಕಾಗಬಹುದು. ಉಬ್ಬಿದ ಜಾಗದ ಹತ್ತಿರದ ಫೋಟೊ ಇಲ್ಲಿ ಹಾಕಿ, ಅಳತೆಗೆ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದದ್ದು.