ಒಂದು ಅಲ್ಟ್ರಾವೈಡ್ ಪರದೆಯೋ, ಎರಡು ಬಿಡಿ ಮಾನಿಟರ್‌ಗಳೋ?

ಪ್ರಶ್ನೆ: ತೆರಿಗೆ ಸಲಹೆಗಾರರು, ಕೊಡಿಯಾಲಬೈಲು

ಸರ್, ನಮ್ಮದು ಚಿಕ್ಕ ತೆರಿಗೆ ಸಲಹಾ ಕಚೇರಿ. ನನ್ನ ಮೇಜಿನ ಮೇಲಿರುವ 19 ಇಂಚಿನ ಹಳೆಯ ಮಾನಿಟರ್ ಇನ್ನು ಸಾಲುವುದಿಲ್ಲ. ತಿಂಗಳ 14ಕ್ಕೆ ಜಿಎಸ್‌ಟಿಆರ್-2ಬಿ, ಅಂದರೆ ಖರೀದಿ ಬಿಲ್ಲುಗಳ ತೆರಿಗೆ ಪಟ್ಟಿ, ತಯಾರಾಗುತ್ತದೆ, 20ರೊಳಗೆ 3ಬಿ ರಿಟರ್ನ್ ಸಲ್ಲಿಸಬೇಕು. ಆ ದಿನಗಳಲ್ಲಿ ಜಿಎಸ್‌ಟಿ ಪೋರ್ಟಲ್, ಲೆಕ್ಕದ ತಂತ್ರಾಂಶ ಟ್ಯಾಲಿ, ಎಕ್ಸೆಲ್, ಸ್ಕ್ಯಾನ್ ಮಾಡಿದ ಬಿಲ್ಲುಗಳು ಎಲ್ಲವೂ ಒಟ್ಟಿಗೆ ತೆರೆದಿರಬೇಕಾಗುತ್ತದೆ. ಒಂದನ್ನು ಸರಿಸಿ ಇನ್ನೊಂದನ್ನು ನೋಡುವಷ್ಟರಲ್ಲಿ ಬಿಲ್ ಸಂಖ್ಯೆಯೇ ಮರೆತುಹೋಗಿರುತ್ತದೆ. 34 ಇಂಚಿನ ಅಲ್ಟ್ರಾವೈಡ್ (ಅಗಲ ಹೆಚ್ಚಿರುವ ಪರದೆ) ಒಂದನ್ನು ಕೊಳ್ಳೋಣ ಎಂದುಕೊಂಡಿದ್ದೇನೆ. ಕಚೇರಿಯ ಹುಡುಗರು 24 ಇಂಚಿನ ಎರಡು ಸಾಕು ಎನ್ನುತ್ತಾರೆ. ಮೇಜು 4 ಅಡಿ ಉದ್ದ, 2 ಅಡಿ ಅಗಲ. ಎಡಗಡೆ ಪಶ್ಚಿಮದ ಕಿಟಕಿ. ನಾನು ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿರುವ ಪ್ರೋಗ್ರೆಸಿವ್ ಕನ್ನಡಕ ಹಾಕುತ್ತೇನೆ. ಯಾವುದು ಸರಿ?

ಉತ್ತರ

ನಮಸ್ಕಾರ ಸರ್. ಮಂಗಳೂರು, ಉಡುಪಿಯ ಕಚೇರಿಗಳಿಗೆ ಕಂಪ್ಯೂಟರ್ ಜೋಡಿಸಿಕೊಡುವುದು ನನ್ನ ಕಸುಬು. ಮೇಜಿನ ಅಳತೆ, ಕಿಟಕಿ, ಕನ್ನಡಕ ಮೂರನ್ನೂ ಹೇಳಿ ಕೇಳಿದ್ದೀರಿ, ಆದ್ದರಿಂದ ಖಚಿತವಾಗಿಯೇ ಹೇಳುತ್ತೇನೆ: ನಿಮಗೆ ಅಲ್ಟ್ರಾವೈಡ್ ಬೇಡ, 24ರ ಜೋಡಿಯೂ ಬೇಡ. 27 ಇಂಚಿನ ಒಂದು ಮಾನಿಟರ್ ಎದುರಿಗೆ ಇರಲಿ, 24 ಇಂಚಿನ ಇನ್ನೊಂದನ್ನು ಅದರ ಪಕ್ಕದಲ್ಲಿ ಉದ್ದಕ್ಕೆ ನಿಲ್ಲಿಸಿ.

ಪರದೆಯ ಇಂಚನ್ನು ಅಳೆಯುವುದು ಮೂಲೆಯಿಂದ ಮೂಲೆಗೆ. ಹಾಗಾಗಿ 34 ಎಂದರೆ ಭಾರಿ ದೊಡ್ಡದು ಎನಿಸುತ್ತದೆ. ಆದರೆ ಅದರ ಎತ್ತರ 27 ಇಂಚಿನ ಮಾನಿಟರ್‌ನಷ್ಟೇ, ಸುಮಾರು 33 ಸೆಂ.ಮೀ. ಹೆಚ್ಚುವುದು ಅಗಲ ಮಾತ್ರ: 60 ಸೆಂ.ಮೀ. ಇದ್ದದ್ದು 80 ಆಗುತ್ತದೆ. ನಿಮ್ಮ ಕೆಲಸಕ್ಕೆ ಬೇಕಾಗಿರುವುದು ಎತ್ತರ. ಬಿಲ್ಲು ಎ4 ಹಾಳೆ, ಅಂದರೆ 21 ಸೆಂ.ಮೀ. ಅಗಲ, 29.7 ಸೆಂ.ಮೀ. ಎತ್ತರ. ಅಡ್ಡ ಪರದೆಯಲ್ಲಿ ಬ್ರೌಸರ್‌ನ ಪಟ್ಟಿ, ಕೆಳಗಿನ ಟಾಸ್ಕ್‌ಬಾರ್ ಎಲ್ಲ ಕಳೆದ ಮೇಲೆ ಅದು ಕುಗ್ಗಿಯೇ ಕಾಣಬೇಕು, ಇಲ್ಲವೇ ನೀವು ಮೇಲೆ ಕೆಳಗೆ ಉರುಳಿಸುತ್ತಿರಬೇಕು. 24 ಇಂಚಿನ ಪರದೆಯನ್ನು ಉದ್ದಕ್ಕೆ ತಿರುಗಿಸಿದರೆ ಅದು 30 ಸೆಂ.ಮೀ. ಅಗಲ, 53 ಸೆಂ.ಮೀ. ಎತ್ತರವಾಗುತ್ತದೆ. ಇಡೀ ಬಿಲ್ಲು ನಿಜವಾದ ಗಾತ್ರಕ್ಕಿಂತಲೂ ದೊಡ್ಡದಾಗಿ ಒಂದೇ ನೋಟಕ್ಕೆ ಸಿಗುತ್ತದೆ. ಮೇಲ್ಭಾಗದ ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ಸಂಖ್ಯೆ), ಬಿಲ್ ಸಂಖ್ಯೆ, ಕೆಳಭಾಗದ ಐಜಿಎಸ್‌ಟಿ ತೆರಿಗೆಯ ಮೊತ್ತ ಎಲ್ಲವೂ ಕಣ್ಣೆದುರೇ ಇರುತ್ತವೆ. 2ಬಿಯ ಎಕ್ಸೆಲ್ ಹಾಳೆಯನ್ನು ಅಲ್ಲಿಗೆ ಸರಿಸಿದರೂ ಎಷ್ಟೋ ಹೆಚ್ಚು ಸಾಲುಗಳು ಕಾಣುತ್ತವೆ. ಎದುರಿನ 27ರಲ್ಲಿ ಟ್ಯಾಲಿಯನ್ನೂ ಪೋರ್ಟಲನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ವಿಂಡೋಸ್ 11ರಲ್ಲಿ ವಿಂಡೋಸ್ ಗುಂಡಿಯ ಜೊತೆಗೆ ಜಡ್ ಒತ್ತಿದರೆ ಪರದೆಯನ್ನು ಭಾಗ ಮಾಡುವ ನಕ್ಷೆಗಳು ಬರುತ್ತವೆ.

ಇನ್ನು ಮೇಜು. 4 ಅಡಿ ಎಂದರೆ 122 ಸೆಂ.ಮೀ. 24ರ ಎರಡನ್ನು ಅಡ್ಡಕ್ಕೆ ಇಟ್ಟರೆ ಸುಮಾರು 108 ಸೆಂ.ಮೀ. ಹೋಯಿತು, ಫೈಲಿಗೆ ಜಾಗವಿಲ್ಲ. ಸಾಲದ್ದಕ್ಕೆ ಎರಡರ ಚೌಕಟ್ಟು ಕೂಡುವ ಗೆರೆ ಸರಿಯಾಗಿ ಮೂಗಿನ ನೇರಕ್ಕೆ ಬರುತ್ತದೆ, ದಿನವಿಡೀ ಕತ್ತು ಎಡಕ್ಕೋ ಬಲಕ್ಕೋ ವಾಲಿರುತ್ತದೆ. ನಾನು ಹೇಳಿದ ಜೋಡಿಗೆ 92 ಸೆಂ.ಮೀ. ಸಾಕು.

ಕನ್ನಡಕದ ವಿಷಯ ಎಲ್ಲಕ್ಕಿಂತ ಮುಖ್ಯ. ಪ್ರೋಗ್ರೆಸಿವ್ ಗಾಜಿನ ಎರಡೂ ಅಂಚುಗಳಲ್ಲಿ ನೋಟ ಮಸುಕಾಗಿರುತ್ತದೆ, ಕಣ್ಣು ಹೊರಳಿಸಿದರೆ ಸಾಲದು, ತಲೆಯನ್ನೇ ತಿರುಗಿಸಬೇಕು. ನಿಮ್ಮ 2 ಅಡಿ ಅಗಲದ ಮೇಜಿನಲ್ಲಿ ಸ್ಟ್ಯಾಂಡಿನ ಜಾಗ ಕಳೆದರೆ ಕಣ್ಣಿಗೂ ಪರದೆಗೂ 60 ಸೆಂ.ಮೀ. ಅಂತರ ಸಿಗಬಹುದು. ಅಷ್ಟು ಹತ್ತಿರದಿಂದ 34 ಇಂಚಿನ ತುದಿಗಳು ಎರಡೂ ಬದಿಗೆ 30 ಡಿಗ್ರಿಗಿಂತ ಆಚೆ ಹೋಗುತ್ತವೆ. ಅಂಚಿನ ಅಂಕಿಗಳನ್ನು ಓದುವಾಗಲೆಲ್ಲ ಕತ್ತು ತಿರುಗಿಸಬೇಕಾಗುತ್ತದೆ. 20ನೇ ತಾರೀಕಿನ ಸಂಜೆ ನಿಮ್ಮ ಹೆಗಲು ಅದನ್ನು ನೆನಪಿಸುತ್ತದೆ. ಇನ್ನೂ ಒಂದು: ಪ್ರೋಗ್ರೆಸಿವ್ ಗಾಜಿನಲ್ಲಿ ಹತ್ತಿರದ ನೋಟ ಕೆಳಭಾಗದಲ್ಲಿರುತ್ತದೆ. ಪರದೆ ಎತ್ತರದಲ್ಲಿದ್ದರೆ ಗಲ್ಲ ಎತ್ತಿ ನೋಡುವ ಅಭ್ಯಾಸ ಬೀಳುತ್ತದೆ. ಸಾಮಾನ್ಯವಾಗಿ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ ಎನ್ನುತ್ತಾರೆ, ನೀವು ಅದಕ್ಕಿಂತ ಕೆಳಗೆ ಇಳಿಸಿ. ಉದ್ದಕ್ಕೆ ನಿಲ್ಲಿಸಿದ ಪರದೆಯನ್ನಂತೂ ಸ್ಟ್ಯಾಂಡ್ ಇಳಿಯುವಷ್ಟು ಇಳಿಸಿ, ಬಿಲ್ಲನ್ನು ಅದರ ಕೆಳಗಿನ ಮುಕ್ಕಾಲು ಭಾಗದಲ್ಲಿಡಿ. ಕಂಪ್ಯೂಟರಿನ ದೂರಕ್ಕೆಂದೇ ಬೇರೆ ಕನ್ನಡಕ ಮಾಡಿಸುವುದು ಒಳ್ಳೆಯದೇ ಎಂದು ಕಣ್ಣಿನ ವೈದ್ಯರನ್ನೂ ಒಮ್ಮೆ ಕೇಳಿ.

ಉದ್ದಕ್ಕೆ ನಿಲ್ಲಿಸುವ ಪರದೆ ಕಿಟಕಿಯ ಬದಿಗೆ, ಅಂದರೆ ಎಡಕ್ಕೆ ಇರಲಿ. ಅದನ್ನು ನಿಮ್ಮ ಕಡೆಗೆ ಓರೆ ಮಾಡಿದಾಗ ಬೆನ್ನು ಕಿಟಕಿಗೆ ಬೀಳುತ್ತದೆ. ಬಲಕ್ಕೆ ಇಟ್ಟರೆ ಮುಖ ಕಿಟಕಿಯತ್ತ ತಿರುಗುತ್ತದೆ, ನಾಲ್ಕು ಗಂಟೆಯ ಮೇಲೆ ಕಡಲ ಕಡೆಯ ಬಿಸಿಲು ನೇರ ಅದರ ಮೇಲೆ.

ಕೊಳ್ಳುವಾಗ ಮೂರು ಮಾತು. 27 ಇಂಚಿನದು 2560×1440 (ಅಡ್ಡಕ್ಕೆ, ಎತ್ತರಕ್ಕೆ ಇರುವ ಪಿಕ್ಸೆಲ್, ಅಂದರೆ ಚಿತ್ರಬಿಂದುಗಳ ಸಂಖ್ಯೆ) ಆಗಿರಲೇಬೇಕು. ಅದೇ ಗಾತ್ರದಲ್ಲಿ 1920×1080 ಅಗ್ಗಕ್ಕೆ ಸಿಗುತ್ತದೆ, ಅಕ್ಷರ ಒರಟಾಗಿ ಕಾಣುತ್ತದೆ. 24ರ ಸ್ಟ್ಯಾಂಡ್ ಉದ್ದಕ್ಕೆ ತಿರುಗುವಂಥದ್ದೇ ಎಂದು ಅಂಗಡಿಯಲ್ಲೇ ತಿರುಗಿಸಿ ನೋಡಿ. ಪ್ಯಾನೆಲ್ ಐಪಿಎಸ್ ಎಂಬ ಬಗೆಯದ್ದಿರಲಿ, ಟಿಎನ್ ಪ್ಯಾನೆಲ್ ಉದ್ದಕ್ಕೆ ನಿಂತರೆ ಬದಿಯಿಂದ ಬಣ್ಣ ಕೆಡುತ್ತದೆ.

ತೆರಿಗೆಯ ವಿಷಯ ನಿಮಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಬರೆಯುತ್ತೇನೆ: 32 ಇಂಚಿಗಿಂತ ದೊಡ್ಡ ಮಾನಿಟರ್‌ಗೆ ಮೊದಲು ಶೇ 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದೂ ಶೇ 18. ಅದಕ್ಕಿಂತ ಹಿಂದಿನ ದರಪಟ್ಟಿ ಹಿಡಿದುಕೊಂಡು ಅಲ್ಟ್ರಾವೈಡ್ ದುಬಾರಿ ಎಂದು ಕೈಬಿಡಬೇಡಿ.

ಪ್ರಶ್ನೆ: ಯಕ್ಷಗಾನ ವಿಡಿಯೊ ಸಂಕಲನಕಾರರು, ಬ್ರಹ್ಮಾವರ

ನನ್ನ ಬಳಿ ಈಗಾಗಲೇ 24ರ ಎರಡು ಇವೆ. ಮೂರು ಕ್ಯಾಮೆರಾಗಳಲ್ಲಿ ಹಿಡಿದ ಕಾಲಮಿತಿ ಪ್ರಸಂಗಗಳನ್ನು ಕೂಡಿಸುವ ಕೆಲಸ. ಟೈಮ್‌ಲೈನ್ (ದೃಶ್ಯ, ಧ್ವನಿಯ ತುಣುಕುಗಳನ್ನು ಕಾಲಕ್ರಮದಲ್ಲಿ ಜೋಡಿಸುವ ಪಟ್ಟಿ) ಒಂದು ಪರದೆಯಲ್ಲಿ ಸಾಲುವುದಿಲ್ಲ, ಎರಡಕ್ಕೂ ಎಳೆದರೆ ನಡುವೆ ಚೌಕಟ್ಟು ಅಡ್ಡ ಬರುತ್ತದೆ. 49 ಇಂಚಿನದು ತೆಗೆದುಕೊಳ್ಳಲೇ?

ಉತ್ತರ

ನಿಮಗೆ ಅಲ್ಟ್ರಾವೈಡೇ ಸರಿ. ತೆರಿಗೆ ಸಲಹೆಗಾರರದ್ದು ಬೇರೆ ಬೇರೆ ಕಾಗದಗಳನ್ನು ತಾಳೆ ನೋಡುವ ಕೆಲಸ, ನಿಮ್ಮದು ಒಂದೇ ಉದ್ದನೆಯ ವಸ್ತುವಿನ ಮೇಲೆ ಓಡಾಡುವ ಕೆಲಸ. ಭಾಗವತರ ಮೈಕ್, ಚೆಂಡೆ, ಮದ್ದಳೆ, ಅರ್ಥದ (ವೇಷಧಾರಿಗಳ ಮಾತಿನ) ಮೈಕ್, ಅವುಗಳ ಮೇಲೆ ಮೂರು ಕ್ಯಾಮೆರಾ. ಪದ್ಯ ಮುಗಿದು ಮಾತು ಆರಂಭವಾಗುವ ಜಾಗವನ್ನು ನೀವು ಧ್ವನಿಯ ಅಲೆಯಲ್ಲೇ ಗುರುತಿಸುತ್ತೀರಿ. ಚೆಂಡೆಯ ಮುಕ್ತಾಯದ ಪೆಟ್ಟುಗಳು ದಟ್ಟವಾಗಿ ಎದ್ದು ನಿಂತು, ಆಮೇಲೆ ಮದ್ದಳೆಯ ಸಾಲು ತಗ್ಗಿ, ಅರ್ಥದ ಮೈಕಿನ ಸಾಲು ಏಳುತ್ತದೆ. ಆ ತಿರುವಿನ ಮೇಲೆ ಎರಡು ಪರದೆಗಳ ಚೌಕಟ್ಟು ಕುಳಿತರೆ ಕೆಲಸವೇ ಕೆಡುತ್ತದೆ. ಟೈಮ್‌ಲೈನ್ ಕಡಿಯದೆ ಉದ್ದಕ್ಕೆ ಹರಿಯಬೇಕು.

ಆದರೆ 49 ಬೇಡ, 34 ಸಾಕು. 49 ಇಂಚಿನ 5120×1440 ಪರದೆ 27ರ ಎರಡನ್ನು ಅಂಟಿಸಿದಷ್ಟು ಅಗಲ, 120 ಸೆಂ.ಮೀ. ಆಳವಾದ, ಗಟ್ಟಿ ಮೇಜು ಬೇಕು. ಅಗಲದ ಪರದೆಯಲ್ಲಿ ದೂರದ ತುದಿಯನ್ನು ಬರೀ ಟೂಲ್‌ಗಳ ಪಟ್ಟಿ ತುಂಬುತ್ತದೆ, ಅದಕ್ಕೆ ಅಷ್ಟು ಹಣ ಸುರಿಯಬೇಕಾಗಿಲ್ಲ. 34ರಲ್ಲಿ 3440×1440 ಇರುತ್ತದೆ. ಅದರಲ್ಲಿ 2560×1440ರ ಪೂರ್ತಿ ಚಿತ್ರ ಇಟ್ಟರೂ ಪಕ್ಕಕ್ಕೆ 880 ಪಿಕ್ಸೆಲ್ ಉಳಿಯುತ್ತದೆ. ಈಗಿರುವ 24ರಲ್ಲಿ ಒಂದನ್ನು ಮಾರಬೇಡಿ. ಚಿತ್ರವನ್ನು ಪೂರ್ತಿ ಪರದೆಗೆ ಹಾಕಿ ನೋಡಲು ಅದು ಬದಿಯಲ್ಲಿರಲಿ. ಮನೆಯ ಟಿವಿಯಲ್ಲಿ ನೋಡುವವರಿಗೆ ಬಣ್ಣದ ವೇಷ ಹೇಗೆ ಕಾಣುತ್ತದೆಂದು ಅಲ್ಲಿ ಗೊತ್ತಾಗುತ್ತದೆ.

ಬಾಗಿದ ಪರದೆಯ ಮೇಲೆ 1500ಆರ್, 1800ಆರ್ ಎಂದು ಬರೆದಿರುತ್ತಾರೆ. ಬಾಗಿನ ತ್ರಿಜ್ಯ ಅಷ್ಟು ಮಿಲಿಮೀಟರ್ ಎಂದರ್ಥ. ಸಂಖ್ಯೆ ಚಿಕ್ಕದಾದಷ್ಟೂ ಬಾಗು ಹೆಚ್ಚು. ನಿಮಗೆ ಬಾಗಿದ್ದು ಒಳ್ಳೆಯದೇ. ಮನೆಯ ನಕ್ಷೆ ಬಿಡಿಸುವವರಿಗೆ ಮಾತ್ರ ಸಪಾಟು ಪರದೆಯನ್ನೇ ಹೇಳುತ್ತೇನೆ, ನೇರ ಗೆರೆ ನೇರ ಕಾಣಬೇಕಲ್ಲ. ಕಂಪ್ಯೂಟರಿನಿಂದ ಪರದೆಗೆ ಹೋಗುವ ಕೇಬಲ್ ಡಿಸ್‌ಪ್ಲೇಪೋರ್ಟ್ ಬಗೆಯದ್ದಿರಲಿ. ಹಳೆಯ ಎಚ್‌ಡಿಎಂಐಯಲ್ಲಿ ಈ ಅಳತೆಯ ಪರದೆ ಹಲವು ಬಾರಿ 60 ಹರ್ಟ್ಸ್ (ಸೆಕೆಂಡಿಗೆ 60 ಬಾರಿ ಚಿತ್ರ ಹೊಸದಾಗುವ ವೇಗ) ತಲುಪದೆ 50ಕ್ಕೋ 30ಕ್ಕೋ ಇಳಿಯುತ್ತದೆ, ಆಗ ಮೌಸ್ ಕೂಡ ತಡವರಿಸಿದಂತೆ ಕಾಣುತ್ತದೆ.

ಪ್ರಶ್ನೆ: ಪುಸ್ತಕಗಳ ಪುಟವಿನ್ಯಾಸ ಮಾಡುವವರು, ಮಣಿಪಾಲ

34 ಇಂಚಿನದೇ, ಆದರೆ ಅರ್ಧ ಬೆಲೆಗೆ ಒಂದು ಸಿಗುತ್ತಿದೆ. 2560×1080 ಎಂದು ಬರೆದಿದ್ದಾರೆ. ಕನ್ನಡ ಪುಸ್ತಕದ ಕೆಲಸಕ್ಕೆ ಆಗಬಹುದೇ?

ಉತ್ತರ

ದಯವಿಟ್ಟು ಬೇಡ ಮೇಡಂ. ಕನ್ನಡ ಓದುವವರು, ತಿದ್ದುವವರು ಯಾರೂ ಅದನ್ನು ಕೊಳ್ಳಬಾರದು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಆ ಪರದೆಯಲ್ಲಿ ಒಂದು ಇಂಚಿಗೆ ಸುಮಾರು 82 ಪಿಕ್ಸೆಲ್, 3440×1440ರದ್ದರಲ್ಲಿ ಸುಮಾರು 110. ನೀವು 11 ಪಾಯಿಂಟ್‌ನಲ್ಲಿ ಪುಟ ಕಟ್ಟಿ ನಿಜಗಾತ್ರದಲ್ಲಿ ನೋಡಿದರೆ ಮೊದಲನೆಯದರಲ್ಲಿ ಒಂದು ಸಾಲಿನ ಅಕ್ಷರಕ್ಕೆ 12 ಪಿಕ್ಸೆಲ್ ಎತ್ತರ, ಎರಡನೆಯದರಲ್ಲಿ 17. ಇಂಗ್ಲಿಷ್ ಅಕ್ಷರ 12ರಲ್ಲಿ ಹೇಗೋ ನಿಲ್ಲುತ್ತದೆ. ನಮ್ಮ ‘ರಾಷ್ಟ್ರ’, ‘ಸ್ತ್ರೀ’ಗಳಲ್ಲಿ ಅಕ್ಷರದ ಕೆಳಗೆ ಒತ್ತು, ಒತ್ತಿನ ಪಕ್ಕಕ್ಕೆ ಇನ್ನೊಂದು ಒತ್ತು, ಎಲ್ಲವೂ ಕಲಸಿ ಒಂದು ಬೂದು ಕಲೆಯಾಗುತ್ತದೆ. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಬುಡದ ಒಂದು ಚಿಕ್ಕ ಗೀಟು. ‘ಪ’ಕ್ಕೂ ‘ಷ’ಕ್ಕೂ ಹೊಟ್ಟೆಯೊಳಗಿನ ಒಂದು ಗೆರೆ. ಆ ಗೀಟು ಪರದೆಯಲ್ಲಿ ಮಸುಕಾದರೆ ತಪ್ಪು ಅಚ್ಚಿಗೇ ಹೋಗುತ್ತದೆ, ಸಾವಿರ ಪ್ರತಿಗಳಲ್ಲೂ ಇರುತ್ತದೆ.

ನಿಮಗೆ 27 ಇಂಚಿನ 2560×1440 ಒಂದೇ ಸಾಕಾಗಬಹುದು. ಡೆಮಿ 1/8 ಅಳತೆಯ ಪುಸ್ತಕದ ಎರಡು ಪುಟ ಅಕ್ಕಪಕ್ಕ ಇಟ್ಟರೆ ಸುಮಾರು 28 ಸೆಂ.ಮೀ. ಅಗಲ, 21.5 ಎತ್ತರ, ನಿಜಗಾತ್ರದಲ್ಲೇ ಕುಳಿತು ಪಕ್ಕದಲ್ಲಿ ಫಾಂಟಿನ ಪಟ್ಟಿಗೂ ಜಾಗ ಉಳಿಯುತ್ತದೆ. ಲೇಖಕರ ಮೂಲಪ್ರತಿ ಪಕ್ಕದಲ್ಲಿ ತೆರೆದಿರಬೇಕು ಎನಿಸಿದರೆ ಆಗ ಎರಡನೆಯದನ್ನು ಉದ್ದಕ್ಕೆ ನಿಲ್ಲಿಸಿ.

ಪ್ರಶ್ನೆ: ಬೆಂಗಳೂರಿನ ಕಂಪನಿಗೆ ಮನೆಯಿಂದ ಕೆಲಸ ಮಾಡುವವರು, ಸುರತ್ಕಲ್

ಎಂ1 ಮ್ಯಾಕ್‌ಬುಕ್ ಏರ್ ಲ್ಯಾಪ್‌ಟಾಪ್ ಇದೆ. ಎರಡು ಮಾನಿಟರ್ ಹಾಕಬಹುದೇ? ದಿನವೂ ಮೀಟಿಂಗ್‌ಗಳಲ್ಲಿ ಪರದೆ ಹಂಚಿಕೊಳ್ಳಬೇಕು.

ಉತ್ತರ

ಎಂ1 ಏರ್ ನೇರವಾಗಿ ಹೊರಗಿನ ಒಂದು ಮಾನಿಟರ್‌ಗೆ ಮಾತ್ರ ಚಿತ್ರ ಕೊಡುತ್ತದೆ. ಎರಡಕ್ಕೆ ಡಿಸ್‌ಪ್ಲೇಲಿಂಕ್ ತಂತ್ರಜ್ಞಾನವಿರುವ ಡಾಕ್ (ಹಲವು ಕಿಂಡಿಗಳ ಪೆಟ್ಟಿಗೆ) ಬೇಕು, ಅದಕ್ಕೆ ಪ್ರತ್ಯೇಕ ತಂತ್ರಾಂಶ ಹಾಕಬೇಕು. ಆ ತಾಪತ್ರಯ ಬೇಡವಾದರೆ ಯುಎಸ್‌ಬಿ-ಸಿ ಇರುವ ಒಂದು ಅಲ್ಟ್ರಾವೈಡ್ ತೆಗೆದುಕೊಳ್ಳಿ, ಒಂದೇ ಕೇಬಲ್‌ನಲ್ಲಿ ಚಿತ್ರವೂ ಬರುತ್ತದೆ, ಲ್ಯಾಪ್‌ಟಾಪ್ ಚಾರ್ಜೂ ಆಗುತ್ತದೆ. ಹಂಚುವಾಗ ಇಡೀ ಪರದೆ ಹಂಚಬೇಡಿ. ಆಚೆಯವರ ಚಿಕ್ಕ ಲ್ಯಾಪ್‌ಟಾಪಿನಲ್ಲಿ ಅದು ಮೇಲೆ ಕೆಳಗೆ ಕಪ್ಪು ಪಟ್ಟಿಯ ನಡುವಿನ ಇರುವೆ ಸಾಲಿನಂತೆ ಕಾಣುತ್ತದೆ. ಬೇಕಾದ ಒಂದು ವಿಂಡೋ ಮಾತ್ರ ಹಂಚಿ.

ಮತ್ತೆ ಕೊಡಿಯಾಲಬೈಲಿನಿಂದ

ಸರ್, 27 ಮತ್ತು 24ಕ್ಕೆ ಹೇಳಿದ್ದೇನೆ. ಕಂಪ್ಯೂಟರ್ ಹಿಂದೆ ಮಾನಿಟರ್ ಜೋಡಿಸಲು ನೀಲಿ ವಿಜಿಎ ಕಿಂಡಿ ಒಂದು, ಎಚ್‌ಡಿಎಂಐ ಕಿಂಡಿ ಒಂದು ಇದೆ. ಯಾವುದಕ್ಕೆ ಯಾವುದು? ಮಳೆಗಾಲಕ್ಕೆ ಮುಂಚಿನ ಗುಡುಗಿನ ಭಯವೂ ಇದೆ, ಪಕ್ಕದ ಕಚೇರಿಯಲ್ಲಿ ಕಳೆದ ಬಾರಿ ಎರಡು ಕಂಪ್ಯೂಟರ್ ಹೋದವು.

ಉತ್ತರ

27ಕ್ಕೆ ಎಚ್‌ಡಿಎಂಐ, 24ಕ್ಕೆ ವಿಜಿಎ. 24ರಲ್ಲಿ ವಿಜಿಎ ಕಿಂಡಿ ಇದೆಯೇ ಎಂದು ಅಂಗಡಿಯವರನ್ನು ಇವತ್ತೇ ಕೇಳಿ, ಈಗಿನ ಎಷ್ಟೋ ಮಾನಿಟರ್‌ಗಳಲ್ಲಿ ಇರುವುದಿಲ್ಲ. ಕೆಲವು ಹಳೆಯ ಕಂಪ್ಯೂಟರ್‌ಗಳ ಎಚ್‌ಡಿಎಂಐ 1920×1200ಕ್ಕೇ ನಿಂತುಬಿಡುತ್ತದೆ. ನಿಮ್ಮದೂ ಹಾಗಾದರೆ ಎರಡು ಡಿಸ್‌ಪ್ಲೇಪೋರ್ಟ್ ಇರುವ ಚಿಕ್ಕ ಗ್ರಾಫಿಕ್ಸ್ ಕಾರ್ಡ್ ಹಾಕಿಸುವುದು ಲೇಸು. ಆಗ ವಿಜಿಎಯ ಗೊಡವೆಯೇ ಇರುವುದಿಲ್ಲ.

ಗುಡುಗಿಗೆ ಯುಪಿಎಸ್ ಒಂದನ್ನೇ ನಂಬಬೇಡಿ. ಕರಾವಳಿಯಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ, ಮತ್ತೆ ಅಕ್ಟೋಬರ್ ಸುಮಾರಿಗೆ, ಮೋಡ ಕಟ್ಟಿದ ಕೂಡಲೇ ಪ್ಲಗ್ ಕಿತ್ತಿಡಿ. ಇಂಟರ್ನೆಟ್ಟಿನ ಲ್ಯಾನ್ ಕೇಬಲನ್ನೂ ಕೀಳಿ. ಫೈಬರ್ ಎಳೆ ಗಾಜು, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ ನಿಜ. ಆದರೆ ರೂಟರ್‌ನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲಿದೆ, ಅಲ್ಲಿಂದ ಲ್ಯಾನ್ ತಾಮ್ರದ ತಂತಿಯಲ್ಲಿ ನೇರ ನಿಮ್ಮ ಕಂಪ್ಯೂಟರಿಗೆ ಬರುತ್ತದೆ. ಅರ್ಥಿಂಗ್ ಸರಿಯಿದೆಯೇ ಎಂದು ಮೊದಲ ಮಳೆಗೆ ಮುಂಚೆ ಎಲೆಕ್ಟ್ರಿಷಿಯನ್‌ನಿಂದ ಅಳೆಸಿ. ಎರಡು ಬಿಡಿ ಮಾನಿಟರ್ ಇರುವುದರಿಂದ, ಒಂದು ಕೆಟ್ಟರೂ 20ನೇ ತಾರೀಕಿನ ಕೆಲಸ ಇನ್ನೊಂದರಲ್ಲಿ ನಡೆಯುತ್ತದೆ.

ಜೋಡಿಸಿದ ಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 24ನ್ನು ಪೋರ್ಟ್ರೇಟ್ ಮಾಡಿ, ಅಲ್ಲಿ ಕಾಣುವ ಎರಡು ಚೌಕಗಳನ್ನು ಮೇಜಿನ ಮೇಲಿರುವ ಹಾಗೆಯೇ ಎಳೆದು ಹೊಂದಿಸಿ. 27ನ್ನು ಮುಖ್ಯ ಪರದೆ ಎಂದು ಗುರುತು ಮಾಡಿ, ಟ್ಯಾಲಿ ತೆರೆದಾಗ ಎದುರಿಗೇ ಬರುತ್ತದೆ.