ಇಸಿಜಿ, ಎಕೋ ಎಲ್ಲವೂ ಸರಿಯಿದ್ದರೂ 27ನೇ ವಯಸ್ಸಿನಲ್ಲಿ ಎದೆನೋವು: ಮುಂದೇನು ಮಾಡಬೇಕು?

ಪ್ರಶ್ನೆ: ಚನ್ನರಾಯಪಟ್ಟಣ ಕಡೆಯವನು, ಸದ್ಯ ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನನಗೆ 27 ವರ್ಷ. ಕೆಲವು ತಿಂಗಳುಗಳಿಂದ ಎದೆಯ ಎಡಭಾಗದಲ್ಲಿ, ಒಂದು ಬೆರಳಿಟ್ಟು ತೋರಿಸಬಹುದಾದಷ್ಟು ಚಿಕ್ಕ ಜಾಗದಲ್ಲಿ, ಚುಚ್ಚಿದಂತಹ ನೋವು ಬರುತ್ತಿದೆ. ಹೆಚ್ಚಾಗಿ ಕಂಪ್ಯೂಟರ್ ಮುಂದೆ ಕುಳಿತಿರುವಾಗ ಅಥವಾ ರಾತ್ರಿ ಮಲಗಿದಾಗ ಬರುತ್ತದೆ. ಉಸಿರನ್ನು ಜೋರಾಗಿ ಎಳೆದುಕೊಂಡರೆ ಹೆಚ್ಚಾಗುತ್ತದೆ. ಮೆಟ್ಟಿಲು ಹತ್ತುವಾಗಲಾಗಲಿ, ಶಟಲ್ ಆಡುವಾಗಲಾಗಲಿ ಒಮ್ಮೆಯೂ ಬಂದಿಲ್ಲ. ಸಿಗರೇಟು, ಗುಟ್ಕಾ ಯಾವುದರ ಅಭ್ಯಾಸವೂ ಇಲ್ಲ. ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡುವ ಹೃದಯ ಪರೀಕ್ಷೆ) ಮೂರನ್ನೂ ಮಾಡಿಸಿದ್ದೇನೆ, ಮೂರೂ ಸರಿಯಿವೆ. ವೈದ್ಯರು "ನಿಮಗೇನೂ ಇಲ್ಲ, ಹೋಗಿ" ಎಂದರು. ಏನೂ ಇಲ್ಲದಿದ್ದರೆ ಈ ನೋವು ಬರುವುದೇಕೆ ಎಂಬುದಕ್ಕೆ ಮಾತ್ರ ಉತ್ತರ ಸಿಗಲಿಲ್ಲ.

2025ರ ಮೇ, ಜೂನ್ ತಿಂಗಳುಗಳಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರು ಹಠಾತ್ತನೆ ತೀರಿಕೊಂಡ ಸುದ್ದಿಗಳು ಒಂದರ ಹಿಂದೆ ಒಂದು ಬಂದದ್ದು ನಿಮಗೆಲ್ಲ ನೆನಪಿರಬಹುದು. ಅಂದಿನಿಂದ ಅಪ್ಪ ದಿನವೂ ಫೋನ್ ಮಾಡಿ "ಎದೆ ಹೇಗಿದೆ" ಎಂದು ವಿಚಾರಿಸುತ್ತಾರೆ. ದೊಡ್ಡಪ್ಪನವರಿಗೆ 58ನೇ ವಯಸ್ಸಿನಲ್ಲಿ ಸ್ಟೆಂಟ್ ಹಾಕಿದ್ದಾರೆ. ನಾನು ಕೈಗಡಿಯಾರದಲ್ಲಿ ನಾಡಿಬಡಿತವನ್ನು ಪದೇ ಪದೇ ನೋಡಿಕೊಳ್ಳುತ್ತಿದ್ದೇನೆ, ರಾತ್ರಿ ನಿದ್ದೆ ಬರುವುದಿಲ್ಲ. ಸಿ.ಟಿ. ಆಂಜಿಯೋಗ್ರಾಂ (ಹೃದಯದ ರಕ್ತನಾಳಗಳ ಸ್ಕ್ಯಾನ್) ಮಾಡಿಸಿಬಿಟ್ಟರೆ ಈ ಅನುಮಾನ ಮುಗಿಯುವುದೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ತಾಲ್ಲೂಕು ಆಸ್ಪತ್ರೆಯೊಂದರ ವೈದ್ಯೆ

ನಿಮ್ಮನ್ನು ಮುಟ್ಟಿ ಪರೀಕ್ಷಿಸದೆ ರೋಗನಿರ್ಣಯ ಹೇಳುವುದು ಸರಿಯಲ್ಲ. ಆದರೂ ನೀವು ಬರೆದಿರುವ ವಿವರಗಳೇ ಬಹಳಷ್ಟನ್ನು ತಿಳಿಸುತ್ತವೆ. ಹೃದಯದ ರಕ್ತನಾಳ ಕಟ್ಟಿಕೊಂಡಾಗ ಬರುವ ನೋವನ್ನು ರೋಗಿಗಳು ಸಾಮಾನ್ಯವಾಗಿ ಬೆರಳಿಟ್ಟು ತೋರಿಸುವುದಿಲ್ಲ. ಅಂಗೈಯನ್ನೋ ಮುಷ್ಟಿಯನ್ನೋ ಎದೆಯ ನಡುವೆ ಇಟ್ಟು, ಭಾರ ಹೇರಿದಂತೆ, ಹಿಂಡಿದಂತೆ ಆಗುತ್ತದೆ ಎನ್ನುತ್ತಾರೆ. ಆ ನೋವು ನಡೆದಾಗ, ಏರು ಹತ್ತಿದಾಗ ಹೆಚ್ಚಾಗಿ, ನಿಂತು ಸುಧಾರಿಸಿಕೊಂಡರೆ ಇಳಿಯುತ್ತದೆ. ಕುಳಿತಾಗ ಬಂದು, ಉಸಿರೆಳೆದಾಗ ಹೆಚ್ಚಾಗಿ, ಆಟವಾಡುವಾಗ ಕಾಣಿಸಿಕೊಳ್ಳದ ನಿಮ್ಮ ನೋವಿನ ಸ್ವಭಾವ ಇದಕ್ಕೆ ಬಹುಮಟ್ಟಿಗೆ ವಿರುದ್ಧವಾಗಿದೆ.

"ಏನೂ ಇಲ್ಲ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹೃದಯದಲ್ಲಿ ದೋಷವಿಲ್ಲ ಎನ್ನುವುದಕ್ಕೂ ನೋವೇ ಇಲ್ಲ ಎನ್ನುವುದಕ್ಕೂ ಬಹಳ ಅಂತರವಿದೆ. ಪಕ್ಕೆಲುಬುಗಳು ಎದೆಯ ನಡುವಿನ ಎಲುಬಿಗೆ ಸೇರುವಲ್ಲಿ ಮೃದ್ವಸ್ಥಿಯಿದೆ. ಅಲ್ಲಿ ಉರಿಯೂತವಾದರೆ ಅದನ್ನು ಕಾಸ್ಟೋಕಾಂಡ್ರೈಟಿಸ್ ಎನ್ನುತ್ತೇವೆ. ನೋವಿನ ಜಾಗವನ್ನು ಬೆರಳಿನಿಂದ ಒತ್ತಿದಾಗ ಅದೇ ನೋವು ಮರುಕಳಿಸಿದರೆ ಅದು ಇದರ ಮುಖ್ಯ ಸುಳಿವು. ಹದಿಹರೆಯದವರಲ್ಲಿ ಮತ್ತು ಯುವಜನರಲ್ಲಿ ಪ್ರಿಕಾರ್ಡಿಯಲ್ ಕ್ಯಾಚ್ ಎಂಬ ಇನ್ನೊಂದು ತೊಂದರೆಯಿದೆ: ಬಗ್ಗಿ ಕುಳಿತಾಗ ತಟ್ಟನೆ ಚುಚ್ಚು ನೋವು ಬಂದು, ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ಹೋಗುತ್ತದೆ, ಯಾವ ಹಾನಿಯನ್ನೂ ಮಾಡುವುದಿಲ್ಲ. ರಾತ್ರಿ ತಡವಾಗಿ ಉಂಡು ಕೂಡಲೇ ಮಲಗುವವರಲ್ಲಿ ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಏರಿ ಎದೆಯುರಿ ಬರುವುದೂ ಸಾಮಾನ್ಯ. ಮುಂದಿನ ಭೇಟಿಯಲ್ಲಿ ನಿಮ್ಮ ವೈದ್ಯರನ್ನು "ಹೃದಯ ಸರಿಯಿದೆಯೇ" ಎಂದು ಮತ್ತೆ ಕೇಳುವ ಬದಲು "ಹೃದಯವಲ್ಲದಿದ್ದರೆ ಇದು ಎಲ್ಲಿಂದ ಬರುತ್ತಿದೆ, ದಯವಿಟ್ಟು ಎದೆಗೂಡನ್ನು ಒತ್ತಿ ನೋಡಿ" ಎಂದು ಕೇಳಿ. ನೋವಿಗೆ ಒಂದು ಕಾರಣ ಗೊತ್ತಾದಾಗ ರೋಗಿಯ ಅರ್ಧ ಸಂಕಟ ಅಲ್ಲಿಯೇ ಇಳಿದುಹೋಗುವುದನ್ನು ನಾನು ಹೊರರೋಗಿ ವಿಭಾಗದಲ್ಲಿ ಆಗಾಗ ಕಾಣುತ್ತೇನೆ.

ಹಾಸನದ ಸಾವುಗಳ ಬಗ್ಗೆ ಹೇಳುವುದಾದರೆ, ಸರ್ಕಾರವು ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತ್ತು. 2025ರ ಜುಲೈನಲ್ಲಿ ಬಂದ ಅದರ ವರದಿಯು ಜಿಲ್ಲೆಯಲ್ಲಿ ಹೃದಯಾಘಾತಗಳು ಅಸಹಜವಾಗಿ ಏರಿಲ್ಲವೆಂದೂ, ಸತ್ತವರಲ್ಲಿ ಅನೇಕರಿಗೆ ಧೂಮಪಾನ, ಮದ್ಯಪಾನ, ಸಕ್ಕರೆ ಕಾಯಿಲೆ, ರಕ್ತದೊತ್ತಡದಂತಹ ಕಾರಣಗಳಿದ್ದವೆಂದೂ ತಿಳಿಸಿತು. ಇಂತಹ ಸಾವುಗಳಿಗೆ ಕೋವಿಡ್ ಲಸಿಕೆ ಕಾರಣವಿರಬಹುದೇ ಎಂಬ ಭಯ ಕೆಲವರಲ್ಲಿದೆ, ಅದಕ್ಕೂ ಉತ್ತರವಿದೆ. 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು ಕುರಿತು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ದೇಶದ 47 ಆಸ್ಪತ್ರೆಗಳಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋವಿಡ್ ಲಸಿಕೆ ಅಂತಹ ಸಾವಿನ ಸಾಧ್ಯತೆಯನ್ನು ಹೆಚ್ಚಿಸಲಿಲ್ಲ. ಹೆಚ್ಚಿಸಿದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದ ಹಿನ್ನೆಲೆ, ಕುಟುಂಬದಲ್ಲಿ ನಡೆದ ಹಠಾತ್ ಸಾವು, ಸಾವಿಗೆ ಮುನ್ನಿನ ಎರಡು ದಿನಗಳಲ್ಲಿ ಮಿತಿಮೀರಿ ಕುಡಿದದ್ದು, ಮಾದಕವಸ್ತು ಸೇವನೆ ಮತ್ತು ತೀವ್ರ ದೈಹಿಕ ಶ್ರಮ.

ಉತ್ತರ 2: ಮೈಸೂರಿನ ಓದುಗ

ಸಹೋದರರೇ, ನನ್ನ ಅನುಭವ ನಿಮ್ಮದಕ್ಕಿಂತ ಸ್ವಲ್ಪ ಭಿನ್ನ. ನನಗೆ ನೋವಿನ ಜೊತೆಗೆ ಎದೆ ಡವಡವ ಹೊಡೆದುಕೊಳ್ಳುವುದು, ಕೈ ಜೋಮು ಹಿಡಿಯುವುದು, ಈಗಲೇ ಪ್ರಾಣ ಹೋಗುತ್ತದೆ ಎಂಬ ಭಯ ಇವೆಲ್ಲ ಒಟ್ಟಿಗೆ ಬಂದು, ಹತ್ತು ನಿಮಿಷದೊಳಗೆ ತಾರಕಕ್ಕೇರಿ, ಆಮೇಲೆ ನಿಧಾನವಾಗಿ ಇಳಿಯುತ್ತಿತ್ತು. ಹೃದಯ ಪರೀಕ್ಷೆಗಳೆಲ್ಲ ಸರಿಯಿದ್ದ ಬಳಿಕ ಇದು ಪ್ಯಾನಿಕ್ ಅಟ್ಯಾಕ್ ಎಂದು ಮನೋವೈದ್ಯರು ವಿವರಿಸಿದರು. ಭಯದಿಂದ ವೇಗವಾಗಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಕೈ ಜೋಮು ಹಿಡಿಯುತ್ತದೆ, ಆ ಜೋಮನ್ನು ಕಂಡು ಭಯ ಇನ್ನಷ್ಟು ಏರುತ್ತದೆ ಎಂಬುದು ತಿಳಿದಾಗ ನನಗೆ ದೊಡ್ಡ ಧೈರ್ಯ ಬಂತು.

ನಾಡಿಬಡಿತವನ್ನು ಮತ್ತೆ ಮತ್ತೆ ನೋಡಿಕೊಳ್ಳುವುದನ್ನು ಮೊದಲು ನಿಲ್ಲಿಸಿ ಎಂದು ನಾನು ಕೈಮುಗಿದು ಕೇಳುತ್ತೇನೆ. ನೋಡಿಕೊಂಡ ಕ್ಷಣದಲ್ಲಿ ಸಿಗುವ ನೆಮ್ಮದಿ ಸ್ವಲ್ಪ ಹೊತ್ತಿನಲ್ಲೇ ಕರಗಿ, ಮತ್ತೆ ನೋಡಬೇಕೆಂಬ ತವಕ ಹುಟ್ಟುತ್ತದೆ. ಮನೋವೈದ್ಯರ ಬಳಿ ಹೋಗಲು ಸಂಕೋಚವಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು.

ಉತ್ತರ 3: ತುರ್ತು ಚಿಕಿತ್ಸಾ ವಿಭಾಗದ ಶುಶ್ರೂಷಕಿ

ಮೇಲಿನ ಇಬ್ಬರ ಮಾತನ್ನೂ ಗೌರವಿಸುತ್ತಲೇ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಇದನ್ನು ಇನ್ನೂ ಅನೇಕರು ಓದುತ್ತಾರೆ. ನಮ್ಮಲ್ಲಿ ಎದೆನೋವು ಬಂದವರು ಮೊದಲು ಹೇಳುವ ಮಾತು "ಗ್ಯಾಸ್ಟ್ರಿಕ್ ಇರಬೇಕು" ಎಂಬುದು. ಮೂವತ್ತು ದಾಟಿದ, ಗುಟ್ಕಾ ಅಥವಾ ಸಿಗರೇಟು ಸೇವಿಸುವ ಯುವಕರು ಸೋಡಾ ಕುಡಿದು, ಮಾತ್ರೆ ನುಂಗಿ, ಬೆಳಗಿನವರೆಗೆ ಕಾದು ಬರುತ್ತಾರೆ. ಅಷ್ಟರಲ್ಲಿ ಹೃದಯದ ಸ್ನಾಯುವಿನ ಒಂದು ಭಾಗ ಸತ್ತಿರುತ್ತದೆ. 52 ದೇಶಗಳ ರೋಗಿಗಳನ್ನು ಒಳಗೊಂಡು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ಮಾಹಿತಿಯಂತೆ ಮೊದಲ ಹೃದಯಾಘಾತದ ಮಧ್ಯಕ ವಯಸ್ಸು (ಅರ್ಧದಷ್ಟು ರೋಗಿಗಳು ಇದಕ್ಕಿಂತ ಚಿಕ್ಕವರು) ದಕ್ಷಿಣ ಏಷ್ಯಾದವರಲ್ಲಿ 53, ಉಳಿದವರಲ್ಲಿ ಸುಮಾರು 59.

ಆದ್ದರಿಂದ ಎದೆಯ ನಡುವೆ ಒತ್ತಿದಂತಹ ನೋವು ಹದಿನೈದು ಇಪ್ಪತ್ತು ನಿಮಿಷ ಬಿಡದಿದ್ದರೆ, ದವಡೆಗೆ, ಎಡತೋಳಿಗೆ ಅಥವಾ ಬೆನ್ನಿಗೆ ಹರಡಿದರೆ, ತಣ್ಣನೆಯ ಬೆವರು, ವಾಂತಿ, ಏದುಸಿರು ಬಂದರೆ, ವಯಸ್ಸೆಷ್ಟೇ ಇರಲಿ, 108ಕ್ಕೆ ಕರೆ ಮಾಡಿ. ನೀವೇ ಬೈಕ್ ಓಡಿಸಿಕೊಂಡು ಬರಬೇಡಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇಸಿಜಿ ತೆಗೆದು, ತಜ್ಞರಿಗೆ ಕಳುಹಿಸಿ, ಅಗತ್ಯವಿದ್ದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಮೊದಲ ಇಸಿಜಿ ಸರಿಯಿದ್ದರೂ ನೋವು ಮುಂದುವರಿದರೆ ಮತ್ತೊಮ್ಮೆ ಇಸಿಜಿ ಹಾಗೂ ಕೆಲವು ಗಂಟೆಗಳ ಅಂತರದಲ್ಲಿ, ಹೃದಯದ ಸ್ನಾಯುವಿಗೆ ಹಾನಿಯಾಗಿದೆಯೇ ಎಂದು ತಿಳಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಬೇಕಾಗುತ್ತದೆ, ಸಹನೆಯಿಂದ ಕಾಯಿರಿ. ಎತ್ತರವಾಗಿ ತೆಳ್ಳಗಿರುವ ಯುವಕರಿಗೆ ಒಂದೇ ಬದಿಯಲ್ಲಿ ತಟ್ಟನೆ ನೋವು ಬಂದು ಉಸಿರು ಸಾಲದಾದರೆ ಶ್ವಾಸಕೋಶ ಕುಸಿದಿರಬಹುದು, ಅದೂ ತುರ್ತೇ. ಜ್ವರ ಬಂದು ಹೋದ ಮೇಲೆ, ಮಲಗಿದರೆ ಹೆಚ್ಚಾಗಿ ಮುಂದಕ್ಕೆ ಬಾಗಿದರೆ ಕಡಿಮೆಯಾಗುವ ನೋವು ಹೃದಯದ ಹೊರಪೊರೆಯ ಉರಿಯೂತದ್ದಾಗಿರಬಹುದು. ಆಟವಾಡುವಾಗ ಪ್ರಜ್ಞೆ ತಪ್ಪಿದವರು, ನೋವಿಲ್ಲದಿದ್ದರೂ, ಹೃದ್ರೋಗ ತಜ್ಞರನ್ನು ಕಾಣಲೇಬೇಕು. ಅನುವಂಶಿಕ ಹೃದಯದೋಷಗಳು ಕೆಲವೊಮ್ಮೆ ಹಾಗೆಯೇ ಮೊದಲು ಕಾಣಿಸಿಕೊಳ್ಳುತ್ತವೆ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಒತ್ತಿ ನೋಡಿಕೊಂಡೆ, ಮೂರನೆಯ ಪಕ್ಕೆಲುಬಿನ ಬಳಿ ಅದೇ ನೋವು ಬರುತ್ತದೆ. ಡಾಕ್ಟರಮ್ಮನವರೇ, ಸಿ.ಟಿ. ಆಂಜಿಯೋಗ್ರಾಂ ಬಗ್ಗೆ ತಮ್ಮ ಅಭಿಪ್ರಾಯ ತಿಳಿಸುವಿರಾ?

ಉತ್ತರ 1ರ ವೈದ್ಯೆ

ನಿಮ್ಮ ಸ್ಥಿತಿಯಲ್ಲಿ ನಾನು ಬರೆದುಕೊಡುವುದಿಲ್ಲ. ಅದರಲ್ಲಿ ವಿಕಿರಣವಿದೆ, ರಕ್ತನಾಳಕ್ಕೆ ಔಷಧಿ ಚುಚ್ಚಬೇಕು, ಖರ್ಚೂ ಇದೆ. ನಿಮ್ಮ ನೋವಿಗೆ ಅದರಿಂದ ಉತ್ತರ ಸಿಗುವ ಸಾಧ್ಯತೆ ತೀರಾ ಕಡಿಮೆ. ದೊಡ್ಡಪ್ಪನವರ ಸ್ಟೆಂಟ್ ವಿಷಯ ಬರೆದಿದ್ದೀರಿ. ಕುಟುಂಬದ ಹಿನ್ನೆಲೆ ಎಂದಾಗ ನಾವು ಮುಖ್ಯವಾಗಿ ನೋಡುವುದು ತಂದೆ ಅಥವಾ ಸಹೋದರರಿಗೆ 55ಕ್ಕಿಂತ ಮೊದಲು, ತಾಯಿ ಅಥವಾ ಸಹೋದರಿಯರಿಗೆ 65ಕ್ಕಿಂತ ಮೊದಲು ಹೃದ್ರೋಗ ಬಂದಿತ್ತೇ ಎಂಬುದನ್ನು. ಟಿಎಂಟಿ ಸರಿಯಿರುವುದು ಇಂದಿನ ಮಾತು, ಜೀವನಪೂರ್ತಿಯ ಭರವಸೆಯಲ್ಲ. ಅದಕ್ಕಾಗಿ ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನಂಶಗಳ ಪರೀಕ್ಷೆ), ಸಕ್ಕರೆ, ರಕ್ತದೊತ್ತಡ ನೋಡಿಸಿಕೊಳ್ಳಿ. 18ನೇ ವಯಸ್ಸಿಗೇ ಮೊದಲ ಲಿಪಿಡ್ ಪರೀಕ್ಷೆಯಾಗಬೇಕೆಂದೂ, ಲಿಪೊಪ್ರೋಟೀನ್(ಎ) ಎಂಬ, ವಂಶದಿಂದ ಬರುವ ಕೊಬ್ಬಿನ ಕಣವನ್ನು ಜೀವನದಲ್ಲಿ ಒಮ್ಮೆಯಾದರೂ ಅಳೆಯಬೇಕೆಂದೂ ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಸಲಹೆ ನೀಡಿದೆ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 190 ದಾಟಿದ್ದರೆ ಮಾತ್ರ ತಡಮಾಡದೆ ಬನ್ನಿ.

ಪಕ್ಕೆಲುಬಿನ ನೋವಿಗೆ ಬಿಸಿ ಶಾಖ ಕೊಟ್ಟು, ಕುಳಿತುಕೊಳ್ಳುವ ಭಂಗಿ ಸರಿಪಡಿಸಿಕೊಳ್ಳಿ. ನೋವಿನ ಮಾತ್ರೆ ಬೇಕಾದರೆ ವೈದ್ಯರು ನೋಡಿ ಕೊಡಲಿ. ಶಟಲ್ ನಿಲ್ಲಿಸಬೇಡಿ. ಊರಿಗೆ ಹೋದಾಗ ನಿಮ್ಮ ತಂದೆಯವರ ಬಿ.ಪಿ. ಮತ್ತು ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿ, ಅವರ ವಯಸ್ಸಿನಲ್ಲಿ ಅದು ನಿಮ್ಮ ಆಂಜಿಯೋಗ್ರಾಂಗಿಂತ ಹೆಚ್ಚು ಅಗತ್ಯ.